ಪಾಲಿಶ್ ಮಾಡಿಸಿದ ಬಂದೂಕಿನ ಬೆಲೆಯ ಕುರಿತು

ಕದರಮಂಡಲಗಿ, ತಾ. ಬ್ಯಾಡಗಿ
ಡಿಸೆಂಬರ್ ೧೯೮೭

ಹುಬ್ಬಳ್ಳಿಯಿಂದ ದಯಮಾಡಿಸಿ, ನಮ್ಮ ತಂದೆಯವರ ಬಂದೂಕಿಗೆ ಬೆಲೆ ಕಟ್ಟಿ, ಒಂದು ಲೋಟ ಚಹಾ ಮುಗಿಯುವುದರೊಳಗೆ ಒಂದು ಮನೆತನವನ್ನು ಎರಡು ಮಾಡಿ ಹೋದ ಮಾನ್ಯರೇ,

ದಿವಂಗತ ರಹಿಮಾನಸಾಬರ ಮಗ ಅಬ್ದುಲರಜಾಕನ ಸಲಾಮುಗಳು. ತಮ್ಮ ಅಂಗಡಿಯ ವಿಳಾಸಕ್ಕೆ ಬರೆದ ಪತ್ರಕ್ಕೆ ಉತ್ತರ ಬಾರದ್ದರಿಂದ, ತಾವು ಕೆಲಸದ ಒತ್ತಡದಲ್ಲಿ ಇರಬಹುದೆಂದು ತಿಳಿದು, ಊರವರೆಲ್ಲರೂ ಓದಿ ತಮಗೆ ನೆನಪಿಸಲಿ ಎಂಬ ಸದುದ್ದೇಶದಿಂದ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ತಮ್ಮ ಜ್ಞಾನಕ್ಕೆ ನನ್ನ ನಮನ. ನಮ್ಮ ತಂದೆ ಆ ವಿಲಾಯತಿ ಬಂದೂಕನ್ನು ಮೂವತ್ತು ವರ್ಷ ಹೆಗಲ ಮೇಲೆ ಹೊತ್ತರೂ ಅದರ ಬೆಲೆ ಎಷ್ಟೆಂದು ಯೋಚಿಸಿದವರಲ್ಲ. ಬೇಟೆಗೆ ಸರಕಾರ ನಿಷೇಧ ಹಾಕಿದ ಮೇಲೆ ಅವರು ಅದನ್ನು ಹಿಡಿದು ಶೇಂಗಾ ಹೊಲದ ಬದುವಿನಲ್ಲಿ ಕೂತು, ಹಂದಿಗಳು ಬಂದಾಗ ಆಕಾಶದ ಕಡೆ ಒಂದು ಗುಂಡು ಹಾರಿಸಿ, ಹಂದಿಗಳಿಗೆ ಬುದ್ಧಿ ಹೇಳಿ ಕಳಿಸುತ್ತಿದ್ದರು. ತೀರಿಕೊಳ್ಳುವ ಮುಂಚೆ ನನ್ನನ್ನೂ ಹಾವೇರಿಗೆ ಕೊಟ್ಟ ನಮ್ಮ ಅಕ್ಕ ಚಮನಬಿಯನ್ನೂ ಹತ್ತಿರ ಕೂಡಿಸಿಕೊಂಡು, "ಬಂದೂಕ ರಜಾಕನ ಹಂತ್ಯಾಕ ಇರ್ಲಿ, ಹೊಲಾ ಕಾಯೋವ ಅವಾ. ಅದರ ಕಿಮ್ಮತ್ತಿನಾಗ ಅರ್ಧ ಚಮನಗ ಕೊಡ್ರಿ" ಎಂದಿದ್ದರು. ಲೈಸೆನ್ಸು ನನ್ನ ಹೆಸರಿಗೆ ಆದ ಮೇಲೆ ಉಳಿದದ್ದು ಆ ಕಿಮ್ಮತ್ತು ಎಷ್ಟೆಂಬ ಒಂದೇ ಪ್ರಶ್ನೆ. ಹಾವೇರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ಭಾವ ಇಸಾಕಸಾಬರು, ಹಳೇ ಬಂದೂಕುಗಳ ವ್ಯಾಪಾರಿಗಳಾದ ತಮ್ಮ ಹೆಸರು ಸೂಚಿಸಿದರು. ಬರುವ ದಿನವೂ ಗೊತ್ತಾಯಿತು.

ಇಲ್ಲಿ ನನ್ನಿಂದ ಒಂದು ಅಪರಾಧ ನಡೆಯಿತು. ದೊಡ್ಡವರು ನೋಡಲು ಬರುತ್ತಾರೆಂದರೆ ನಾವು ಗೋಡೆಗೆ ಸುಣ್ಣ ಬಳಿಯುವವರು, ಎತ್ತಿನ ಮೈ ತೊಳೆಯುವವರು, ಮಗಳಿಗೆ ಹೊಸ ಸೀರೆ ಉಡಿಸುವವರು. ಬಂದೂಕು ಮಾತ್ರ ಕಲೆ, ಗೀರು, ತುಕ್ಕುಗಳ ಸಮೇತ ತಮ್ಮೆದುರು ಬರುವುದು ನನಗೆ ಮರ್ಯಾದೆ ಎನಿಸಲಿಲ್ಲ. ಬೆಲೆ ನಾಲ್ಕು ಕಾಸು ಹೆಚ್ಚಾದರೆ ಅಕ್ಕನಿಗೂ ಒಳ್ಳೆಯದೆಂದುಕೊಂಡು, ಅದನ್ನು ರಾಣೆಬೆನ್ನೂರಿನಲ್ಲಿ ಮಂಚ, ಕಪಾಟುಗಳಿಗೆ ಪಾಲಿಶ್ ಮಾಡುವ ಕರಬಸಪ್ಪನ ಹತ್ತಿರ ಒಯ್ದೆ. ಕೆಲಸ ಮುಗಿಯುವ ತನಕ ಲೈಸೆನ್ಸು ಕಿಸೆಯಲ್ಲಿಟ್ಟುಕೊಂಡು ಅವನ ಪಕ್ಕದಲ್ಲೇ ಕೂತಿದ್ದೆ. ಕರಬಸಪ್ಪ ಹಿಡಿಯ ಕಟ್ಟಿಗೆಯನ್ನು ಕನ್ನಡಿ ಮಾಡಿದ. ನಳಿಗೆಯ ತುಕ್ಕನ್ನು ಪಾಲಿಶ್ ಪೇಪರಿನಿಂದ ಉಜ್ಜಿ ಹೊಸ ಕಪ್ಪು ಕೊಟ್ಟ. ಬಸ್ಸಿನಲ್ಲಿ ತರುವಾಗ ಜನ ಮದುಮಗನನ್ನು ನೋಡಿದ ಹಾಗೆ ನೋಡಿದರು. ನನ್ನನ್ನಲ್ಲ, ಬಂದೂಕನ್ನು.

ತಾವು ಬಂದಿರಿ. ಕಿಸೆಯಿಂದ ಭೂತಗನ್ನಡಿ ತೆಗೆದಿರಿ. ನಳಿಗೆಯ ಮೇಲೆ ಅದನ್ನು ಮೂರು ಸಲ ಆಡಿಸಿ, ಹೆಣದ ಮುಂದೆ ನಿಂತ ಡಾಕ್ಟರರ ಹಾಗೆ ಕನ್ನಡಕ ತೆಗೆದು, "ಏನ್ ಮಾಡಿಬಿಟ್ರಿ ಸಾಹೇಬ್ರ! ಮೊದಲಿನಂಗ ಇದ್ದಿದ್ರ ಹನ್ನೆರಡು ಸಾವಿರಕ್ಕ ನಾನ ಒಯ್ತಿದ್ದೆ. ಹಳೇ ಬಣ್ಣ ಹೋತು, ಮಾಡಿದವರ ಹೆಸರು ಸವದು ಹೋತು. ಈಗ ನಾಕು ಸಾವಿರ, ಅದೂ ನಿಮ್ಮ ಮುಖಾ ನೋಡಿ" ಎಂದಿರಿ. ಮಾನ್ಯರೇ, ತುಕ್ಕಿಗೆ ಬೆಲೆಯಿದೆ, ಹೊಳಪಿಗೆ ದಂಡವಿದೆ ಎಂಬ ಶಾಸ್ತ್ರವನ್ನು ನಾನು ಅಂದೇ ಮೊದಲು ಕೇಳಿದ್ದು. ಅದು ಮೊದಲೇ ಗೊತ್ತಿದ್ದರೆ ನಮ್ಮ ಹಿತ್ತಲಿನಲ್ಲಿ ತುಕ್ಕು ಹಿಡಿದು ಬಿದ್ದಿರುವ ಕಬ್ಬಿಣದ ನೇಗಿಲಿನ ಮೇಲೆ ನಾನು ಸಾಲ ತೆಗೆಯುತ್ತಿದ್ದೆ.

ತಾವು ಬೆಲೆಯನ್ನಷ್ಟೇ ಹೇಳಿದಿರಿ, ನಿಜ. ಆದರೆ ಪಕ್ಕದಲ್ಲಿ ಕೂತಿದ್ದ ನಮ್ಮ ಭಾವ ವ್ಯಾಪಾರಸ್ಥರು. ಬೆಲೆ ಇಳಿದರೆ ನಾನು ಕೊಡಬೇಕಾದ ಅರ್ಧವೂ ಇಳಿಯುತ್ತದೆ ಎಂಬುದು ಅವರಿಗೆ ತಮ್ಮ ಮಾತು ಮುಗಿಯುವ ಮುಂಚೆಯೇ ಹೊಳೆಯಿತು. "ಇವಾ ಬಂದೂಕ ಉಜ್ಜಿಸಿಲ್ರಿ, ನನ್ನ ಹೇಣ್ತಿ ಪಾಲು ಉಜ್ಜಿಸ್ಯಾನ!" ಎಂದು ಎದ್ದು ನಿಂತರು. ನಾನು ತಮ್ಮ ಕೈ ಹಿಡಿದುಕೊಂಡು, "ಬೆಲಿ ಏರಸ್ರಿ ಸಾಹೇಬ್ರ, ಕೊಡಾಂವ ನಾನ ಅದೇನಿ" ಎಂದು ಬೇಡಿಕೊಂಡೆ. ತಾವು, "ಕೊಳ್ಳಾಂವ ಬೆಲಿ ಏರಸ್ರಿ ಅಂದದ್ದು ನನ್ನ ಧಂದೆದಾಗ ಇದ ಮೊದಲು" ಎಂದು ಮೆಚ್ಚುಗೆಯಿಂದ ನಕ್ಕು, ಚಹಾ ಮುಗಿಸಿ, ಬಸ್ಸು ಹಿಡಿದಿರಿ. ತಮ್ಮ ಆ ಪ್ರಾಮಾಣಿಕತೆಯನ್ನು ಎಷ್ಟು ಹೊಗಳಿದರೂ ಸಾಲದು. ಒಂದು ಸಣ್ಣ ಸುಳ್ಳಿನಿಂದ ಉಳಿಯಬಹುದಾಗಿದ್ದ ಸಂಬಂಧಕ್ಕಾಗಿ ತಾವು ಸತ್ಯವನ್ನು ಬಿಟ್ಟುಕೊಡಲಿಲ್ಲ.

ಮುಂದಿನದು ತಮಗೆ ತಿಳಿದಿಲ್ಲ, ಕೇಳಿರಿ. ಭಾವ ಅಂಗಡಿಗೆ ಬಂದವರಿಗೆಲ್ಲ ಬಟ್ಟೆ ಹರಿಯುವುದಕ್ಕಿಂತ ಮೊದಲು ನನ್ನ ಕಥೆ ಹೇಳತೊಡಗಿದರು. ಮೆಣಸಿನಕಾಯಿ ಮಾರಲು ಬ್ಯಾಡಗಿಗೆ ಹೋದರೆ ದಲಾಲಿ ಫಕ್ಕೀರಪ್ಪ, "ಚೀಲದಾಗಿನ ಕಾಯಿಗೆ ಪಾಲಿಶ್ ಮಾಡ್ಸಿಲ್ಲಲ್ರಿ?" ಎಂದು ಕೇಳಿದ. ಅಕ್ಕನಿಂದ ಒಂದು ಮಾತೂ ಬರಲಿಲ್ಲ. ಕೊನೆಗೆ ಬಂದೂಕು ಹಿಡಿದು ಮತ್ತೆ ಕರಬಸಪ್ಪನ ಬಳಿ ಹೋಗಿ, ಇದನ್ನು ಮೊದಲಿನ ಹಾಗೆ ಹಳತು ಮಾಡಿಕೊಡು ಎಂದು ಕೇಳಿದೆ. ಅವನು ಕೈ ಒರೆಸಿಕೊಳ್ಳುತ್ತ, "ಹಳೇದನ್ನ ಹೊಸಾದು ಮಾಡೋದಕ್ಕ ನನ್ನ ಹಂತ್ಯಾಕ ಸಾಮಾನ ಐತ್ರಿ. ಹೊಸಾದನ್ನ ಹಳೇದು ಮಾಡೋದಕ್ಕ ಮತ್ತ ಮೂವತ್ತು ವರ್ಷ ಬೇಕ್ರಿ" ಎಂದ.

ಕಳೆದ ವಾರ ಅಕ್ಕ ತಾನಾಗಿಯೇ ಬಂದಳು. ಗಂಡನನ್ನೂ ಕರೆದುಕೊಂಡು, ಅಂದರೆ ಎಳೆದುಕೊಂಡು, ಬಂದಳು. ಇದುವರೆಗೆ ಆ ಬಂದೂಕಿನ ಬಗ್ಗೆ ತೀರ್ಪು ಕೊಟ್ಟವರೆಲ್ಲ ಗಂಡಸರು. ಅವಳಿಗೆ ಅದನ್ನು ತೋರಿಸಬೇಕೆಂದು ಯಾರಿಗೂ ಅನಿಸಿರಲಿಲ್ಲ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಡಿಯನ್ನು ಸವರಿದಳು. ಅವಳಿಗೆ ಭೂತಗನ್ನಡಿ ಬೇಕಾಗಲಿಲ್ಲ.

"ಅಬ್ಬಾನ ಗಲ್ಲ ತಾಗಿ ಸವದಿದ್ದ ಜಾಗಾ ಎಲ್ಲೈತೋ ರಜಾಕ?"

ಅದು ಕರಬಸಪ್ಪನ ಪಾಲಿಶ್ ಪೇಪರಿನಲ್ಲಿ ಪುಡಿಯಾಗಿ ಹೋಗಿತ್ತು. ಮಾನ್ಯರೇ, ತಾವು ಇಳಿಸಿದ ಎಂಟು ಸಾವಿರದಲ್ಲಿ ಅದರ ಲೆಕ್ಕ ಸೇರಿತ್ತೋ ಇಲ್ಲವೋ ತಿಳಿಯದು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು.

"ಕೇಳ್ರಿ ಇಲ್ಲೆ. ಸಣ್ಣಾಂವಿದ್ದಾಗ ಅಬ್ಬಾನ ಗಡಿಯಾರ ಹೊಲಸಾಗೇತಂತ ಸಬಕಾರ ಹಚ್ಚಿ ತೊಳದಾಂವ ಇವಾ. ನನ್ನ ಮದವಿ ಟ್ರಂಕಿಗೆ ಚಂದ ಕಾಣ್ಲೆಂತ ಬಣ್ಣಾ ಹಚ್ಚಿ ಮುಚ್ಚಳಾ ಹಂಗ ಅಂಟಿಸಿಬಿಟ್ಟಿದ್ದ; ನಿಕಾಹದ ದಿನ ಕೊಡ್ಲಿ ತಗೊಂಡು ಒಡದು ನನ್ನ ಸೀರಿ ತಗದ್ರು. ಇವನ ಕೈಯಾಗ ಪ್ರೀತಿಲೆ ಸಿಕ್ಕದ್ದು ಯಾವುದೂ ಉಳಿದಿಲ್ಲ. ಮೋಸಾ ಮಾಡಾಕ ಬುದ್ಧಿ ಬೇಕ್ರಿ. ಇವನ ಹಂತ್ಯಾಕ ಅದು ಇಲ್ಲ."

ಜೀವಮಾನದಲ್ಲಿ ಯಾರೂ ನನ್ನ ಪರವಾಗಿ ಇಷ್ಟು ಗಟ್ಟಿಯಾಗಿ ಸಾಕ್ಷಿ ಹೇಳಿರಲಿಲ್ಲ. ಭಾವ ಟೋಪಿಯನ್ನು ತಿರುಗಿಸಿ ನೋಡಿಕೊಂಡು, "ಟ್ರಂಕಿನ ಮಾತು ಖರೇನ ಐತಿ, ಕೊಡ್ಲಿ ಏಟು ನಾನೂ ಕೇಳೇನಿ" ಎಂದು ಒಪ್ಪಿಕೊಂಡರು.

ಉಳಿದದ್ದು ಬೆಲೆ. ಹನ್ನೆರಡರ ಅರ್ಧ ಕೊಡುತ್ತೇನೆಂದು ನಾನು ಹಠ ಹಿಡಿದೆ. ಇಲ್ಲದ ಬಂದೂಕಿನ ದುಡ್ಡು ತನಗೆ ಬೇಡವೆಂದು ಅಕ್ಕ. ಕೊಡುವುದಾದರೆ ಬೇಡವೆನ್ನಬಾರದೆಂದು ಭಾವ. ಕಡೆಗೆ ಅಕ್ಕನೇ, "ಅಬ್ಬಾ ಅರ್ಧ ಅಂದಾನ ಅಂದ್ರ ನುಕ್ಸಾನದಾಗೂ ಅರ್ಧ. ಹನ್ನೆರಡಕ್ಕೂ ನಾಕಕ್ಕೂ ನಡುವ ಎಂಟು ಹಿಡೀರಿ" ಎಂದು ತೀರ್ಮಾನಿಸಿದಳು. ಅದರಂತೆ ನಾಲ್ಕು ಸಾವಿರ ಅವಳ ಕೈಗೆ ಇಟ್ಟೆ. ಆದ್ದರಿಂದ ತಾವು ಹೇಳಿದ ಬೆಲೆ ತಪ್ಪೆಂದು ನಾನು ಖಂಡಿತ ಹೇಳುವುದಿಲ್ಲ. ಅದು ಅರ್ಧ ಬಂದೂಕಿನ ಬೆಲೆ ಎಂಬುದನ್ನು ಹೇಳಲು ತಾವು ಮರೆತಿರಿ, ಅಷ್ಟೇ.

ಇನ್ನು ನನ್ನ ಕೋರಿಕೆ ಚಿಕ್ಕದು. ನಾನು ಕಳ್ಳನಲ್ಲ, ಶುದ್ಧ ದಡ್ಡ ಎಂದು ತಮ್ಮ ಅಂಗಡಿಯ ಕಾಗದದ ಮೇಲೆ ಸಹಿ, ಸಿಕ್ಕಾ ಸಮೇತ ಒಂದು ದಾಖಲೆ ಕಳಿಸಬೇಕು. ಅದನ್ನು ಬ್ಯಾಡಗಿ ಪೇಟೆಯಲ್ಲಿ ಫಕ್ಕೀರಪ್ಪನ ಅಂಗಡಿಯ ಗೋಡೆಗೆ ತೂಗುಹಾಕಿಸುವ ಖರ್ಚು ನನ್ನದು. ಸಾಧ್ಯವಾದರೆ ಸವೆದುಹೋದ ಆ ಗಲ್ಲದ ಗುರುತನ್ನೂ ಹುಡುಕಿ ಕಳಿಸಿಕೊಡಬೇಕು. ಅದಕ್ಕೆ ತಾವು ಕೇಳಿದ ಬೆಲೆ ಕೊಡುತ್ತೇನೆ, ಚೌಕಾಶಿ ಮಾಡುವುದಿಲ್ಲ.

ಇಂತು, ತಮ್ಮಿಂದ ಕಳ್ಳನಾಗಿ, ಅಕ್ಕನಿಂದ ದಡ್ಡನಾಗಿ ಬಿಡುಗಡೆ ಹೊಂದಿರುವ ತಮ್ಮ ವಿಶ್ವಾಸಿ,
ಅಬ್ದುಲರಜಾಕ ರಹಿಮಾನಸಾಬ

ತಾ.ಕ.: ತಮ್ಮ ಮೀಸೆಯ ಕಪ್ಪು ಮೊದಲಿನದಲ್ಲ, ಈಚೆಗೆ ಕೊಟ್ಟದ್ದು ಎಂದು ನಮ್ಮ ಭಾವ ಹೇಳುತ್ತಾರೆ, ಬಟ್ಟೆಯ ಬಣ್ಣ ನೋಡಿ ಪಳಗಿದ ಕಣ್ಣು ಅವರದು. ಅದು ನಿಜವೇ ಆಗಿದ್ದರೆ, ತಮ್ಮದೇ ಶಾಸ್ತ್ರದ ಪ್ರಕಾರ ತಮ್ಮ ಬೆಲೆ ಈಗ ಮೂರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಮನೆಯವರಿಗೆ ತಿಳಿಸದಿರುವುದು ಒಳ್ಳೆಯದು.