ಗೋಲಿ ಸೋಡಾ ಮಿಷನ್ನೂ ನನ್ನ ಮರ್ಯಾದೆಯೂ

ಇನ್ನೊಬ್ಬರನ್ನು ಬೇಸ್ತು ಬೀಳಿಸೋದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ಆದರೆ ಬೀಳುವ ಹೊತ್ತು ಬಂದಾಗ ಮಾತ್ರ ಅದು ಹೇಗೋ ಏನೋ ಯಾವಾಗಲೂ ನಾನೇ ಮುಂದೆ ನಿಂತಿರುತ್ತೇನೆ. ಹೋದ ವರ್ಷ ಒಂದು ಹಳೇ ಗೋಲಿ ಸೋಡಾ ಮಿಷನ್ ಕೊಂಡು ರಿಪೇರಿಗೆ ಇಳಿದೆ. ಆಗ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಇದ್ದ ಹಾಗೆ ಅಂದರೆ, ನನ್ನ ಹೆಂಡತಿ ಪಕ್ಕದಲ್ಲಿ ಇಲ್ಲದಾಗ ನಾನು ಹೇಳುವ ಹಾಗೆ.

ಜೋಡಿ ಮಾಲು

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಆಫೀಸಿನ ಗೆಳೆಯನ ಗೃಹಪ್ರವೇಶ. ಊಟ ಮುಗಿಸಿ, ಎಲೆಅಡಿಕೆ ಜಗಿಯುತ್ತಾ ಪಕ್ಕದ ತೋಟದ ಕಡೆ ಕಾಲಾಡಿಸಲು ಹೋದೆ. ಒಂದು ಕೊಟ್ಟಿಗೆಯ ಮುಂದೆ ಮೇಕೆ ಕಟ್ಟಿತ್ತು. ಮೇಕೆಯಲ್ಲಿ ವಿಶೇಷ ಏನಿಲ್ಲ. ಆದರೆ ಅದನ್ನು ಕಟ್ಟಿದ್ದು ಗೂಟಕ್ಕಲ್ಲ, ಗೋಲಿ ಸೋಡಾ ತುಂಬುವ ಮಿಷನ್ನಿಗೆ! ಕಬ್ಬಿಣದ ಕಾಲು, ಬಾಟಲಿ ಮಲಗಿಸುವ ಪೆಟ್ಟಿಗೆ, ಆ ಪೆಟ್ಟಿಗೆಯನ್ನು ಗಿರಗಿರ ತಿರುಗಿಸುವ ಹಿಡಿ, ಎಲ್ಲ ಇತ್ತು. ಹುಡುಗನಾಗಿದ್ದಾಗ ತುಮಕೂರು ಬಸ್ ಸ್ಟ್ಯಾಂಡಿನ ಹತ್ತಿರ ಇಂಥದ್ದೊಂದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾ ಎಷ್ಟೋ ಬಸ್ಸು ತಪ್ಪಿಸಿಕೊಂಡವನು ನಾನು.

ಆಸೆ ತೋರಿಸಿದರೆ ರೇಟು ಏರುತ್ತದಲ್ಲ, ಮುಖ ಪೆದ್ದು ಮಾಡಿಕೊಂಡೆ. ಅದಕ್ಕೇನೂ ಹೆಚ್ಚು ಕಷ್ಟ ಪಡಬೇಕಾಗಲಿಲ್ಲ.

"ಅಜ್ಜೀ, ಇದೇನು, ರಾಗಿ ಬೀಸೋದಾ?"

ಬಾಗಿಲಲ್ಲಿ ಕೂತಿದ್ದ ಅಜ್ಜಿ, "ಊಂ ಕಣಪ್ಪ, ಬೀಸೋದೇಯ" ಅಂದರು.

"ತುಕ್ಕು ಹಿಡಿದುಬಿಟ್ಟಿದೆ. ಇನ್ಯಾರಿಗೆ ಬೇಕು ಇದು? ನಾನೇ ಹೊತ್ಕೊಂಡು ಹೋಗಿ ನಿಮಗೆ ಜಾಗ ಬಿಡಿಸಿಕೊಡ್ಲಾ?"

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತಗಂಡೋಗು. ಆದ್ರೆ ಬಿಡಿಬಿಡಿಯಾಗಿ ಕೊಡಾಕಿಲ್ಲ. ಮೇಕೆನೂ ಸೇರ್ಸಿ ತಗಂಡೋಗ್ಬೇಕು."

"ಮೇಕೆ ಯಾಕಜ್ಜಿ?"

"ಎರಡೂ ಒಟ್ಗೇ ಬೆಳ್ದವೆ ಕಣಪ್ಪ. ಒಂದುನ್ ಬುಟ್ಟು ಒಂದು ಇರಾಕಿಲ್ಲ."

ಆ ಮೇಕೆಯನ್ನು ಸುತ್ತಮುತ್ತ ಯಾರೂ ಕೊಳ್ಳುವುದಿಲ್ಲ ಅಂತ ಊರಿಗೆಲ್ಲ ಗೊತ್ತಿತ್ತಂತೆ. ಯಾಕೆ ಅಂತ ನನಗೆ ಗೊತ್ತಾಗಿದ್ದು ಹಗ್ಗ ಬಿಚ್ಚಲು ಬಗ್ಗಿದಾಗ. (ಆಫೀಸಿನಲ್ಲಿ ಹೇಳುವಾಗ ಗುದ್ದಿದ್ದು ಹೋರಿ ಅಂತ ಮಾಡಿಕೊಂಡಿದ್ದೇನೆ.)

ಅಜ್ಜಿ ಕೇಳಿದಷ್ಟು ದುಡ್ಡು ಕೊಟ್ಟು, ಲಗೇಜ್ ಆಟೋದಲ್ಲಿ ಎರಡನ್ನೂ ಹೇರಿಕೊಂಡು ಮನೆ ಮುಂದೆ ಇಳಿದೆ. ಹೆಂಡತಿ ಹೊರಗೆ ಬಂದಳು. ಅದನ್ನು ನೋಡಿದಳು, ಇದನ್ನು ನೋಡಿದಳು. ಆಮೇಲೆ ಕೇಳಿದಳು:

"ಮೇಕೆ ಸರಿ. ಇದೇನು?"

ಲೀಕು

ಮೇಕೆಯನ್ನು ಹೆಂಡತಿ ಕುಣಿಗಲ್ ಕಡೆಯ ಕೊತ್ತಗೆರೆಯಲ್ಲಿರುವ ತನ್ನ ತಮ್ಮನಿಗೆ ಸಾಗಹಾಕಿದಳು. ಮಿಷನ್ನಿಗೆ ಮಾತ್ರ ಷರತ್ತು ಬಿತ್ತು.

"ಮುಂದಿನ ತಿಂಗಳು ಮಗಳ ನಿಶ್ಚಿತಾರ್ಥ. ಅವತ್ತು ಬಂದವರೆಲ್ಲ ಇದರ ಸೋಡಾ ಕುಡಿದ್ರೆ ಇದು ಈ ಮನೇಲಿ ಇರ್ಲಿ. ಇಲ್ಲಾಂದ್ರೆ ಮಾರನೇ ದಿನವೇ ಗುಜರಿಯವನಿಗೆ ಫೋನ್ ಮಾಡ್ತೀನಿ. ನೀವು ಅಡ್ಡ ಬಂದ್ರೆ ನಿಮ್ಮನ್ನೂ ತೂಕಕ್ಕೆ ಹಾಕ್ತೀನಿ."

ಹಟ ಹಿಡಿದು ಸೋಡಾ ಗ್ಯಾಸಿನ ಸಿಲಿಂಡರ್ ತಂದು ಜೋಡಿಸಿದೆ. ಮಿಷನ್ ಮೈಯೆಲ್ಲ ಬುಸ್ ಅಂದಿತು. ಎಲ್ಲಿ ಕೈಯಿಟ್ಟರೂ ಗಾಳಿ. ಅಂತರಸನಹಳ್ಳಿಯ ವೆಲ್ಡಿಂಗ್ ಶಾಪಿಗೆ ಹೊತ್ತೊಯ್ದೆ. ವೆಲ್ಡರ್ ನನ್ನನ್ನು ಸುಲಭಕ್ಕೆ ಯಾಮಾರಿಸಬಾರದು ಅಂತ, ನಾನೊಬ್ಬ ಇಂಜಿನಿಯರ್ ಅಂತ ಬಿಟ್ಟೆ.

"ನೋಡಯ್ಯ, ಒಂದೇ ಒಂದು ತೂತು ಉಳೀಬಾರ್ದು. ಗಾಳಿ ಬರೋ ಕಡೆಯೆಲ್ಲ ಮುಚ್ಚು."

"ಆಯ್ತು ಇಂಜಿನಿಯರ್ ಸಾರ್."

ವಾರ ಬಿಟ್ಟು ಹೋಗಿ ಗ್ಯಾಸ್ ಬಿಟ್ಟು ನೋಡಿದರೆ ಬುಸ್ಸೂ ಇಲ್ಲ, ಟುಸ್ಸೂ ಇಲ್ಲ. ಖುಷಿಗೆ ಅವನ ಬೆನ್ನು ತಟ್ಟಿ ಟೀ ತರಿಸಿದೆ. ಟೀ ಅರ್ಧ ಆಗುವ ಹೊತ್ತಿಗೆ ಅನುಮಾನ ಬಂತು. ಗ್ಯಾಸ್ ಹೊರಗೆ ಬರ್ತಿಲ್ಲ, ಸರಿ. ಒಳಗಾದರೂ ಹೋಗ್ತಾ ಇದೆಯಾ?

"ಈ ಪೈಪಿನ ಬಾಯಿ ಎಲ್ಲಯ್ಯ?"

"ಅಲ್ಲೇ ಸಾರ್ ಬಾಳ ಲೀಕಿತ್ತು! ಮೊದ್ಲು ಅದುನ್ನೇ ಮುಚ್ಚಿದ್ದು."

"ಅಯ್ಯೋ, ಅದು ಗ್ಯಾಸ್ ಒಳಗೆ ಹೋಗೋ ಬಾಯಿ ಕಣೋ!"

ಅವನು ನನ್ನನ್ನೂ ಮಿಷನ್ನನ್ನೂ ನೋಡಿದ. "ನನಗೂ ಹಂಗೇ ಅನ್ನಿಸ್ತು ಸಾರ್. ಆದ್ರೆ ಇಂಜಿನಿಯರ್ ಹೇಳವ್ರೆ ಅಂತ ಸುಮ್ಕಾದೆ."

ನಾನಿರೋದು ಟಪಾಲು ಸೆಕ್ಷನ್ನಿನಲ್ಲಿ ಅಂತ ಹೇಳಲು ಅದು ಹೊತ್ತಾಗಿರಲಿಲ್ಲ. ಮುಚ್ಚಿದ ಬಾಯನ್ನು ಅವನು ಕೊರೆದು ಬಿಡಿಸಿದ. ನನ್ನ ಬಾಯನ್ನು ನಾನೇ ಮುಚ್ಚಿಕೊಂಡೆ.

ಸೋಡಾಬುಡ್ಡಿ

ಮಿಷನ್ ಆಯಿತು, ಬಾಟಲಿ ಬೇಕಲ್ಲ. ಕತ್ತಿನಲ್ಲಿ ಗೋಲಿ ಕೂತಿರುವ ಹಳೇ ಬಾಟಲಿಗಳೇ ಆಗಬೇಕು. ಭಾವಮೈದ ಫೋನ್ ಮಾಡಿದ. "ಭಾವ, ಕುಣಿಗಲ್ಲಿನಲ್ಲಿ ಒಬ್ರು ಮುಂಚೆ ಸೋಡಾ ಅಂಗಡಿ ಇಟ್ಟಿದ್ರು. ಈಗ ಮೊಬೈಲ್ ಕವರ್ ಮಾರ್ತಾರೆ. ಹಳೇ ಬುಡ್ಡಿಗಳು ಹಿತ್ತಲಲ್ಲಿ ಅವಂತೆ. ಬನ್ನಿ."

ಅವನ ಸ್ಕೂಟರಿನಲ್ಲೇ ಹೋದೆವು. ಉರಿಬಿಸಿಲಿನಿಂದ ಒಳಗೆ ಕಾಲಿಟ್ಟ ನನಗೆ ಏನೂ ಕಾಣಲಿಲ್ಲ. ಬಾಗಿಲಲ್ಲೇ ನಿಂತು ಜೋರಾಗಿ ಕೂಗಿದೆ: "ಸೋಡಾಬುಡ್ಡಿ ಇಲ್ಲೇ ಇರೋದಾ?"

ಕೌಂಟರಿನ ಹಿಂದೆ ಯಾರೋ ಎದ್ದು ನಿಂತರು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ನೋಡುತ್ತೇನೆ, ಬಾಟಲಿಯ ತಳದಷ್ಟೇ ದಪ್ಪ ಗಾಜಿನ ಕನ್ನಡಕ!

"ಯಾವನ್ಲಾ ಅವ್ನು? ಯಾರ್ನ್ಲಾ ಸೋಡಾಬುಡ್ಡಿ ಅಂದಿದ್ದು?"

"ನಿಮಗಲ್ಲ ಯಜಮಾನ್ರೇ! ನಾನು ಹಳೇ ಬುಡ್ಡಿ ಹುಡುಕ್ಕೊಂಡು ಬಂದೋನು."

"ಹಳೇದು ಬೇರೆ ಅಂತೀಯಾ!"

ಭಾವಮೈದನ ಸಹಾಯಕ್ಕೆ ಹಿಂದೆ ತಿರುಗಿದರೆ, ಅವನು ಸ್ಕೂಟರಿನ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿಬಿಟ್ಟಿದ್ದಾನೆ. ಯಜಮಾನರು ಕೌಂಟರ್ ದಾಟಿ ಬಂದರು. ಮುಖಕ್ಕೆ ಮುಖ ಕೊಟ್ಟು ನೋಡಿದರು. ಅವರ ಗಾಜಿಗೆ ನನ್ನ ಗಾಜು ತಾಕಿ ಟಿಣ್ ಅಂದಿತು. ನನ್ನದೂ ಅಷ್ಟೇ ದಪ್ಪ. ಸ್ಕೂಲಿನಲ್ಲಿ ನನಗಿದ್ದ ಹೆಸರೂ ಅದೇ.

ಯಜಮಾನರ ಸಿಟ್ಟು ಸರ್ರನೆ ಇಳಿಯಿತು. "ಓಹೋ, ಹಂಗಾ ಸಮಾಚಾರ? ಬಾ, ಹಿತ್ತಲಿಗೆ ಬಾ. ಕ್ರೇಟುಗಟ್ಲೆ ನಿನ್ ನೆಂಟ್ರವ್ರೆ, ಕರ್ಕಂಡೋಗು."

ಪನ್ನೀರು

ಇದು ಚಿಕ್ಕದು. ಪನ್ನೀರ್ ಸೋಡಾ ಮಾಡೋಣ ಅಂತ ಬೀದಿ ಕೊನೆಯ ಅಂಗಡಿಗೆ ಫೋನ್ ಮಾಡಿದೆ. "ಪನ್ನೀರು ಕಳಿಸಪ್ಪ, ಸೋಡಾಕ್ಕೆ ಹಾಕೋದಕ್ಕೆ." ಪನೀರ್ ಪ್ಯಾಕೆಟ್ಟುಗಳು ಬಂದವು. ಫೋನಿನಲ್ಲಿ ಬಿಟ್ಟಿ ಸಲಹೆಯೂ ಬಂತು: "ಸೋಡಾಕ್ಕೆ ಚೆನ್ನಾಗಿರಲ್ಲ ಸಾರ್. ಬಟರ್ ಮಸಾಲ ಮಾಡಿಸಿ."

"ಅದಲ್ಲಯ್ಯ! ರೋಸ್ ವಾಟರ್, ರೋಸ್ ವಾಟರ್!"

"ಹಂಗೆ ಹೇಳಿ ಸಾರ್" ಅಂತ ಬ್ಯೂಟಿ ಪಾರ್ಲರಿನವರು ಮುಖಕ್ಕೆ ಬಳಿಯುವ ಬಾಟಲಿ ಕಳಿಸಿದ. ಕೊನೆಗೆ ನಿಂಬೆ ಸೋಡಾವೇ ಗತಿ ಅಂತ ತೀರ್ಮಾನಿಸಿದೆ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಪನೀರ್ ಊಟ, ಆಫೀಸಿನಲ್ಲಿ ನನ್ನ ಮುಖ ಘಮಘಮ.

ಒಪ್ಪಿಗೆ

ನಿಶ್ಚಿತಾರ್ಥದ ದಿನ ಬಂದೇಬಂತು. ಮನೆ ಮುಂದಿನ ಶಾಮಿಯಾನದಲ್ಲಿ ಮಿಷನ್ನಿಗೆ ಹಾರ ಹಾಕಿ ನಿಲ್ಲಿಸಿದೆ. ಹಿಡಿ ತಿರುಗಿಸಿ, ಬಾಟಲಿ ತೆಗೆದು, ಗೋಲಿ ಒತ್ತಿದೆ. ಟಸ್! ಆ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು.

ಆದರೆ ಒಬ್ಬರೂ ಮುಟ್ಟಲಿಲ್ಲ.

"ಹೋದ ಯುಗಾದೀಲಿ ಕಬ್ಬಿನಹಾಲು ಅಂತ ಹಾಗಲಕಾಯಿ ರಸ ಕುಡಿಸಿದ್ದು ಮರ್ತಿಲ್ಲ ಕಣೋ" ಅಂದರು ಸೋದರತ್ತೆ. "ಮೊದ್ಲು ನೀನು ಕುಡಿ."

ಕುಡಿದೆ. ಆ ಬಾಟಲಿ ಬೇರೆ ಇರುತ್ತೆ, ಈ ಬಾಟಲಿ ಕುಡಿ ಅಂದರು. ಅದನ್ನೂ ಕುಡಿದೆ. ಹೀಗೆ ಬಂದ ಒಬ್ಬೊಬ್ಬ ನೆಂಟರ ಪಾಲಿನದನ್ನೂ ನಾನೇ ಕುಡಿದು ತೋರಿಸಿದೆ. "ಇದು ನಿಜವಾದ ಸೋಡಾ ಕಣ್ರೋ!" ಅಂತ ದಮ್ಮಯ್ಯ ಹಾಕಿದಷ್ಟೂ ಅವರಿಗೆ ಅನುಮಾನ ಜಾಸ್ತಿಯಾಯಿತು. ಬಾಗಿಲಲ್ಲಿ ನಿಂತ ಹೆಂಡತಿ ಮೊಬೈಲ್ ಎತ್ತಿ ತೋರಿಸಿದಳು. ಗುಜರಿಯವನ ನಂಬರು ಅಂತ ಕೇಳದೇ ಗೊತ್ತಾಯಿತು.

ಅಷ್ಟರಲ್ಲಿ ಹುಡುಗನ ಕಡೆಯವರು ಬಂದರು. ಹುಡುಗನ ತಂದೆ ನಗುವುದಿರಲಿ, ಮಾತಾಡುವುದೂ ಅಪರೂಪ. ನನ್ನ ಇತಿಹಾಸ ಪಾಪ ಅವರಿಗೆ ಗೊತ್ತಿಲ್ಲ. ಒಂದು ಬಾಟಲಿ ಎತ್ತಿ ಗಟಗಟ ಮುಗಿಸಿದರು. ಸುಮ್ಮನೆ ಇನ್ನೊಂದಕ್ಕೆ ಕೈ ಚಾಚಿದರು. ಆಮೇಲೆ ಮತ್ತೊಂದಕ್ಕೆ. ಬೀಗರು ಉರುಳಿ ಬೀಳಲಿಲ್ಲ ಅನ್ನೋದನ್ನು ಖಾತ್ರಿ ಮಾಡಿಕೊಂಡು ನಮ್ಮ ಕಡೆಯವರೆಲ್ಲ ಮುಗಿಬಿದ್ದರು. ಸೋದರತ್ತೆಯೇ ಎರಡನೇ ಸಲ ಕೇಳಿದರು. ಹೆಂಡತಿ ಮೊಬೈಲನ್ನು ಒಳಗಿಟ್ಟಳು. ಮಿಷನ್ ಉಳಿಯಿತು! ಮಗಳ ನಿಶ್ಚಿತಾರ್ಥವೋ ಮಿಷನ್ನಿನದೋ ಅನ್ನೋ ಹಾಗೆ ನಾನು ಮೀಸೆ ತಿರುವುತ್ತಾ ಹಸೆಯ ಮೇಲೆ ಕೂತೆ.

ಪುರೋಹಿತರು ಕೇಳಿದರು. "ಗಂಡಿನ ಕಡೆ ಹಿರಿಯರು ಹೇಳ್ಬೇಕು. ಈ ಸಂಬಂಧ ಒಪ್ಪಿಗೆಯಾ?"

ಬೀಗರು ಗಂಭೀರವಾಗಿ ಎದ್ದು ನಿಂತು ಬಾಯಿ ತೆರೆದರು. ಮಾತು ಬರಲಿಲ್ಲ. ಬಂದದ್ದು ಶಾಮಿಯಾನದ ಬಟ್ಟೆ ಅಲುಗಾಡುವಂಥ ತೇಗು.

ಮುಂದೆ ಕೂತಿದ್ದವರು ಬೆಚ್ಚಿ ಹಿಂದೆ ಸರಿದರು. ಪುರೋಹಿತರು ಮಾತ್ರ ಅಲುಗಲಿಲ್ಲ. "ಹೊಟ್ಟೆಯೊಳಗಿಂದ ಒಪ್ಪಿದ್ದಾರೆ" ಅಂದರು.

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಬೀಗರೂ ನಕ್ಕರು. ನಗುವಿನ ಭರದಲ್ಲಿ ಅವರಿಗೆ ಮಾತೂ ಬಂತು.

"ನಮಗೆ ಕೊಡೋದು ಬಿಡೋದು ಏನೂ ಬೇಡ, ಹುಡುಗಿ ಒಬ್ಳು ಸಾಕು ಅಂತ ಮೊದಲೇ ಹೇಳಿದ್ದೆ. ಈಗ ಬಾಯಿ ಬಿಟ್ಟು ಒಂದೇ ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಆ ಸೋಡಾ ಮಿಷನ್ನು ನನಗೆ ಕೊಟ್ಬಿಡಿ ಬೀಗರೇ."

ನನ್ನ ಜೀವ ಬಾಯಿಗೆ ಬಂತು. ಹೆಂಡತಿಯ ಮುಖ ಮಾತ್ರ ದೀಪ ಹಚ್ಚಿದ ಹಾಗಾಯಿತು.

ಪುರೋಹಿತರು ನನ್ನ ಕಡೆ ತಿರುಗಿದರು. "ಹೆಣ್ಣಿನ ಕಡೆ ಹಿರಿಯರು ಏನಂತೀರಿ? ಒಪ್ಪಿಗೆಯಾ?"

"ಸಾಧ್ಯವೇ ಇಲ್ಲ" ಅನ್ನಲು ದೊಡ್ಡದಾಗಿ ಬಾಯಿ ತೆರೆದೆ. ಅಷ್ಟೂ ನೆಂಟರ ಪಾಲಿನ ಸೋಡಾ ಒಳಗೆ ಅದೇ ಗಳಿಗೆಗೆ ಕಾಯುತ್ತಾ ಇತ್ತು. ಬಂತು ನೋಡಿ ತೇಗು! ಒಂದು ಮುಗಿಯಿತು ಅನ್ನುವಷ್ಟರಲ್ಲಿ ಅದರ ಬೆನ್ನಿಗೇ ಇನ್ನೊಂದು.

ಪುರೋಹಿತರು ಕೈ ಎತ್ತಿದರು. "ಇವರದು ಡಬಲ್ ಒಪ್ಪಿಗೆ. ಎಲ್ಲಿ, ತಾಂಬೂಲ ಬದಲಾಯಿಸಿ!"