ಅಡ್ಡದಾರಿ ಹಿಡಿದ ನಮ್ಮ ಭಾವ

ನಮ್ಮ ಭಾವ ಅಡ್ಡದಾರಿ ಹಿಡಿದ ಮನುಷ್ಯ. ಅಯ್ಯೋ, ಗಾಬರಿಯಾಗಬೇಡಿ! ಶಿಂದಿ ಅಂಗಡಿಯ ಕಡೆ ಅವನು ತಲೆ ಹಾಕಿಯೂ ಮಲಗಿದವನಲ್ಲ. ಇಸ್ಪೀಟಿನಲ್ಲಿ ರಾಜ ಯಾರು, ಗುಲಾಮ ಯಾರು ಎಂಬುದೂ ಅವನಿಗೆ ತಿಳಿಯದು. ನಾನು ಹೇಳುತ್ತಿರುವುದು ಅಕ್ಷರಶಃ ಅಡ್ಡದಾರಿಯ ಮಾತು. ಅವನಿಗೆ ರಸ್ತೆ ಕಂಡರೆ ಆಗುತ್ತಿರಲಿಲ್ಲ! ಕಲಬುರಗಿಯಿಂದ ಕಮಲಾಪುರಕ್ಕೆ ನಿಜಾಮ ಸರಕಾರ ಕಲ್ಲು ಹಾಸಿ, ಮೊರಂ ಬಡಿದು, ಎರಡೂ ಬದಿಗೆ ಬೇವಿನ ಗಿಡ ಹಚ್ಚಿ ರಸ್ತೆ ಮಾಡಿಸಿದ್ದರೆ, ಈ ಪುಣ್ಯಾತ್ಮ ಅದರ ಪಕ್ಕದ ತೊಗರಿ ಹೊಲದಲ್ಲಿ ಸೈಕಲ್ ಹೊಡೆಯುತ್ತಿದ್ದ.

“ರಸ್ತಾ ಸುತ್ತ ಹಾಕ್ತದ. ಹೊಲ ನೆಟ್ಟಗ ಹೋಗ್ತದ.” ಅವನ ತತ್ವಜ್ಞಾನವೆಲ್ಲ ಇಷ್ಟೇ. ಇದಕ್ಕಿಂತ ಉದ್ದನೆಯ ಮಾತು ಅವನ ಬಾಯಿಂದ ಬಂದದ್ದನ್ನು ಆಗ ಯಾರೂ ಕೇಳಿರಲಿಲ್ಲ.

ಅವನು ನನ್ನ ಒಬ್ಬಳೇ ಅಕ್ಕನ ಗಂಡ. ಕಮಲಾಪುರದಲ್ಲಿ ಅವನ ಕೆಂಪು ಬಾಳೆಯ ತೋಟವಿತ್ತು. ನಮ್ಮ ಮನೆ ಕಲಬುರಗಿಯ ಪ್ಯಾಟೆಯಲ್ಲಿ. ಅಪ್ಪನದು ಕಾಳುಕಡಿಯ ಅಂಗಡಿ. ನಾನು ಆಗತಾನೆ ಮೀಸೆ ತಿರುವುವುದನ್ನು ಕಲಿತು ಗಲ್ಲಾಪೆಟ್ಟಿಗೆಯ ಪಕ್ಕ ಕೂರುತ್ತಿದ್ದೆ. ಬಾಳೆಗೊನೆಗಳ ಬಂಡಿಯ ಜೊತೆ ವಾರಕ್ಕೊಮ್ಮೆ ಬಂದು, ಊಟ ಮಾಡಿ, “ಹೋಗ್ತೀನ್ರಿ” ಎಂದು ಹೋಗುತ್ತಿದ್ದ ಭಾವನ ಬಗ್ಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಒಳ್ಳೆಯ ಅಭಿಪ್ರಾಯವಿತ್ತು. ಸೈಕಲ್ ಬರುವ ತನಕ!

ಊರು ಬಿಟ್ಟು ಹೊರಟಿದ್ದ ರೇಲ್ವೆಯ ದೊರೆಯೊಬ್ಬನಿಂದ ಅವನು ಅದನ್ನು ಕೊಂಡುಕೊಂಡಿದ್ದ. ಒಂದು ಬೆಳಿಗ್ಗೆ ನಮ್ಮ ಅಂಗಡಿಯ ಮುಂದೆ ಗಂಟೆ ಕೇಳಿಸಿತು. ಹೊರಗೆ ಬಂದು ನೋಡಿದರೆ ಸೈಕಲ್ ಮೇಲೆ ಭಾವ. ಇರಲಿ, ಗಂಡಸು. ಆದರೆ ಅವನ ಹಿಂದೆ ಕಬ್ಬಿಣದ ತಟ್ಟೆಯ ಮೇಲೆ ಕುಳಿತದ್ದು ಯಾರು? ನಮ್ಮಕ್ಕ! ಹಾಡಹಗಲು! ಪ್ಯಾಟೆಯ ನಟ್ಟನಡುವೆ! ಗಂಡನ ಸೊಂಟ ಹಿಡಿದುಕೊಂಡು! ಎದುರಿನ ಅಂಗಡಿಯವನು ತೂಗುತ್ತಿದ್ದ ಬೆಲ್ಲವನ್ನು ತಕ್ಕಡಿಯ ಬದಲು ತನ್ನ ಕಾಲ ಮೇಲೆ ಹಾಕಿಕೊಂಡ. ಒಳಗಿನಿಂದ ಬಂದ ನಮ್ಮಜ್ಜಿ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಮೂರ್ಛೆ ಹೋದಳು.

ನೀರು ಚಿಮುಕಿಸಿದೆವು. ಅಜ್ಜಿ ಒಂದು ಕಣ್ಣು ತೆರೆದು ಕೇಳಿದಳು: “ಅಕಿ ಇಳದಳೇನು?”

“ಇನ್ನೂ ಇಳದಿಲ್ಲ.”

ಅಜ್ಜಿ ಕಣ್ಣು ಮುಚ್ಚಿ ಮತ್ತೆ ಮೂರ್ಛೆ ಹೋದಳು!

ಇದು ಮೊದಲ ಆಘಾತ. ಎರಡನೆಯದು ಸಮುದ್ರದ ಆಚೆಯಿಂದ ಬಂತು.

ಮರುವರ್ಷ ಕಮಲಾಪುರದ ಭಾವನ ತೋಟಕ್ಕೆ ಬೇಲಿ ಮುರಿದುಕೊಂಡು ಎರಡು ಸೈಕಲ್ಲುಗಳು ನುಗ್ಗಿದವು. ಒಂದರ ಮೇಲೆ ಬಿಳಿಯ ಗಂಡಸು, ಇನ್ನೊಂದರ ಮೇಲೆ ಬಿಳಿಯ ಹೆಂಗಸು. ಗಂಡ ಹೆಂಡತಿ. ತಮ್ಮ ದೇಶದಿಂದ ಸೈಕಲ್ ತುಳಿಯುತ್ತ, ಖಂಡ ದಾಟಿ ಖಂಡಕ್ಕೆ ಬಂದವರಂತೆ. ಬೀದರದ ಕಡೆಯಿಂದ ಗುಡ್ಡ ಇಳಿಯುತ್ತ ದಾರಿ ತಪ್ಪಿದ್ದರು. ಜಾಲಿಮುಳ್ಳಿಗೆ ನಾಲ್ಕೂ ಗಾಲಿಗಳು ಸೋತಿದ್ದವು. ಬೇಲಿ ಮುರಿದವರ ಮೇಲೆ ಸಿಟ್ಟು ಮಾಡುವುದು ಬಿಟ್ಟು ನಮ್ಮ ಭಾವ ಮಾಡಿದ್ದೇನು? ಅವರ ಮುಖವನ್ನೇ ಆನಂದದಿಂದ ನೋಡುತ್ತ ನಿಂತ. ಕೊನೆಗೂ ರಸ್ತೆ ಬಿಟ್ಟು ಬರುವ ಇನ್ನಿಬ್ಬರು ಮನುಷ್ಯರು ಸಿಕ್ಕಿದ್ದರಲ್ಲ!

ಅಕ್ಕ ಅವರಿಗೆ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದಳು. ಹಿಂಡಿಯ ಖಾರಕ್ಕೆ ಆ ಬಿಳಿಯ ಮುಖಗಳು ತೋಟದ ಬಾಳೆಹಣ್ಣಿಗಿಂತ ಕೆಂಪಾದವಂತೆ. ಭಾಷೆ ಬಾರದಿದ್ದರೂ ಅಕ್ಕ ಮತ್ತು ಆ ಹೆಂಗಸು ಬಾವಿಯ ಕಟ್ಟೆಯ ಮೇಲೆ ಕುಳಿತು ಹೊತ್ತು ಮುಳುಗುವ ತನಕ ಮಾತಾಡಿದರು. ಏನು ಮಾತಾಡಿದರೋ ಆ ಶಿವನೇ ಬಲ್ಲ. ಮಾರನೆಯ ದಿನ ಅವರು ಹೊರಟು ಹೋದ ಮೇಲೆ ಅಕ್ಕ ಗಂಡನನ್ನು ಕೇಳಿದಳು:

“ಅವರು ಬಂದ್ರಲ್ರೀ, ಆ ದಾರಿ ಈಗ ಎಲ್ಲಿ ಅದ?”

“ಅಲ್ಲೇ ಅದ. ದಾರಿ ಎಲ್ಲಿ ಹೋಗ್ತದ?”

“ಹಂಗಾರ ನಾವೂ ಹೋಗಬೌದಲ್ಲ?”

ಭಾವ “ಹೋಗಬೌದು” ಎಂದ.

ನೋಡಿ, ಒಂದು ಸಂಸಾರ ಹಾಳಾಗುವುದಕ್ಕೆ ಇಷ್ಟೇ ಸಾಕು! ನಾವೆಲ್ಲ ಭಾವನಿಗೆ ಹುಚ್ಚು ಎಂದು ತಿಳಿದಿದ್ದೆವು. ಮೂಲ ಹುಚ್ಚು ನಮ್ಮ ಮನೆಯಿಂದಲೇ ಹೋಗಿತ್ತು ಎಂಬುದು ಆಮೇಲೆ ತಿಳಿಯಿತು.

ಅಕ್ಕನಿಗಾಗಿ ಇನ್ನೊಂದು ಸೈಕಲ್ ಹೈದರಾಬಾದಿನಿಂದ ಬಂತು. ಅವಳು ತವರಿಗೆ ಬಂದು ಉಳಿದಳು; ತಾಲೀಮು ಕಲಬುರಗಿಯ ಪಕ್ಕದ ಕುಸನೂರ ಹೊಲಗಳಲ್ಲಿ. ಅವಳು ಅಲ್ಲಿಗೆ ಹೋಗುವುದನ್ನು ತಡೆಯಲಾಗದೆ ಅಪ್ಪ ಕೊನೆಯ ಅಸ್ತ್ರ ಬಿಟ್ಟ: “ಸೀರಿ ಉಟ್ಟು ಸೈಕಲ್ ಹೆಂಗ ಹೊಡಿತೀಯವ್ವಾ?”

“ಕಚ್ಚಿ ಹಾಕಿದ್ದು ಯಾಕಪ್ಪಾ ಮತ್ತ? ನಮ್ಮ ಹಿರ್ಯಾರು ಸೈಕಲ್ ಬರೂಕ್ಕಿಂತ ಮೊದಲೇ ಅದಕ್ಕ ತಯಾರಾಗಿ ಕುಂತಿದ್ರು!”

ಅಪ್ಪ ಮಾತಾಡಲಿಲ್ಲ. ಕುಸನೂರಿನ ಒಬ್ಬ ರೈತ ಮಾತ್ರ ಬಹಳ ಮಾತಾಡಿದ. ಕಚ್ಚೆಯ ಸೀರೆಯುಟ್ಟ ಹೆಂಗಸೊಬ್ಬಳು ಗಾಳಿಯ ಹಾಗೆ ತನ್ನ ಹೊಲದ ಒಡ್ಡು ಹಾರಿ, ಜೋಳದ ಬೆಳೆಯೊಳಗೆ ಮಾಯವಾದದ್ದನ್ನು ಕಂಡು ಅವನು ಉಟ್ಟ ಬಟ್ಟೆಯಲ್ಲೇ ಓಡಿಬಂದು, ದೇವಿಯನ್ನು ಕಂಡೆನೆಂದು ಗುಡಿಯಲ್ಲಿ ಕುಳಿತನಂತೆ. ಆ ವರ್ಷ ಆ ಹೊಲದಲ್ಲಿ ಕಾಯಿ ಒಡೆದವರಿಗೆ ಲೆಕ್ಕವಿಲ್ಲ!

ಇನ್ನು ಭಾಷೆಯ ಪ್ರಶ್ನೆ. ದಾರಿಯಲ್ಲಿ ಪಾರಸಿ ಬೇಕಾಗುತ್ತದೆಂದು ಭಾವ ನಮ್ಮ ಓಣಿಯ ಮುನ್ಶಿ ಸಾಹೇಬರ ಹತ್ತಿರ ಹೋಗಿ ಕುಳಿತ. ಮುನ್ಶಿಯವರು ಪಾರಸಿಯಲ್ಲಿ ದೊಡ್ಡ ಪಂಡಿತರು. ಜೀವನದಲ್ಲಿ ಪಕ್ಕದ ವಾಡಿ ಸ್ಟೇಶನ್ ದಾಟಿದವರಲ್ಲ. ವಿಷಯ ಕೇಳಿ ಅವರ ಬಾಯಿಯಿಂದ ಎಲೆಯಡಿಕೆ ಜಾರಿ ಬಿತ್ತು.

“ಕೈಕು ಜಾರೇ ಮಿಯಾ? ಯಾಕ ಹೊಂಟೀರಿ? ಇಲ್ಲಿ ಏನು ಕಮ್ಮಿ ಆಗ್ಯಾದ ನಿಮಗ?”

“ಏನೂ ಕಮ್ಮಿ ಇಲ್ಲ ಸಾಬ್ರ.”

ಕಮ್ಮಿ ಏನೂ ಇಲ್ಲದೆ ಹೊರಟವರಿಗೆ ಏನು ಹೇಳುವುದು? ಪಾಠ ಶುರುವಾಯಿತು. ನೀರಿಗೆ ಆಬ್, ರೊಟ್ಟಿಗೆ ನಾನ್. ಅಕ್ಕ ಬಾಗಿಲ ಮರೆಯಿಂದ ಕೇಳಿದಳು: “ಜೋಳದ ರೊಟ್ಟಿಗೆ ಏನಂತಾರ್ರೀ?”

“ಅಲ್ಲಿ ಜೋಳದ ರೊಟ್ಟಿ ಸಿಗಂಗಿಲ್ಲ ಬೇಟಿ.”

ಅಕ್ಕ ಬೆಚ್ಚಿ ಬಿದ್ದದ್ದು ಇಡೀ ಪ್ರಯಾಣದ ತಯಾರಿಯಲ್ಲಿ ಇದೊಂದೇ ಸಲ. ಮರುಭೂಮಿಗೆ ಹೆದರಲಿಲ್ಲ, ಕಳ್ಳರಿಗೆ ಹೆದರಲಿಲ್ಲ. ಜೋಳವಿಲ್ಲದ ದೇಶಗಳೂ ಇವೆಯೆಂದು ಕೇಳಿ ಮುಖ ಸಣ್ಣದು ಮಾಡಿಕೊಂಡಳು! ಅಂದಿನಿಂದಲೇ ಕಟಕ ರೊಟ್ಟಿ ಬಡಿದು ಒಣಗಿಸಲು ಕುಳಿತಳು. ಜೋಳದ ಹಿಟ್ಟಿನ ಒಂದು ಚೀಲವನ್ನೂ ಕಟ್ಟಿಕೊಂಡಳು.

ಪರವಾನಗಿ ಕೊಡುವ ಅಧಿಕಾರಿಯದು ಬೇರೆಯೇ ಸಂಕಟ.

“ಹಜ್‌ಗೆ ಹೊಂಟೀರೇನು?”

“ಅಲ್ರಿ.”

“ವ್ಯಾಪಾರಕ್ಕ?”

“ಅಲ್ರಿ.”

“ಮತ್ಯಾಕ?”

“ಹೋಗಾಕ.”

ಅಧಿಕಾರಿ ಲೇಖಣಿ ಕೆಳಗಿಟ್ಟು ಭಾವನ ಮುಖ ನೋಡಿದರು, ಅಕ್ಕನ ಮುಖ ನೋಡಿದರು. ಆಮೇಲೆ ಕನಿಕರದಿಂದ ತಲೆಯಾಡಿಸಿ, ಕಾರಣದ ಜಾಗದಲ್ಲಿ ‘ಇಲಾಜ್’ ಎಂದು ಬರೆದರು. ಚಿಕಿತ್ಸೆಗಾಗಿ!

ಹೊರಡುವ ದಿನ ಅಜ್ಜಿ ಅಳಲಿಲ್ಲ, ಬೈಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವರ ಸೈಕಲ್ಲುಗಳು ಓಣಿ ದಾಟಿದ್ದೇ ತಡ, ಅಪ್ಪ ನನ್ನ ಕೈಯಲ್ಲಿ ಟಿಕೇಟು ತುರುಕಿದ: “ರೈಲು ಹತ್ತಿ ಸೋಲಾಪುರಕ್ಕ ಹೋಗು. ಊರ ಬಾಗಿಲದಾಗ ನಿಂತು ಅಡ್ಡ ಹಾಕು. ಕಾಲು ಬೀಳು, ಅಳು, ಏನರ ಮಾಡು, ಕರ್ಕೊಂಡ ಬಾ!”

ಹೋದೆ. ಕಲಬುರಗಿಯ ರಸ್ತೆ ಸೋಲಾಪುರ ಸೇರುವ ಸುಂಕದ ನಾಕೆಯಲ್ಲಿ ಬಿಸಿಲಲ್ಲಿ ನಿಂತೆ. ಬಂಡಿಗಳು ಬಂದವು, ಟಾಂಗಾಗಳು ಬಂದವು, ಒಂದು ಮದುವೆಯ ದಿಬ್ಬಣವೂ ಬಂತು. ದಿನಗಟ್ಟಲೆ ಕಾದರೂ ನಮ್ಮವರು ಬರಲಿಲ್ಲ. ಕೊನೆಗೆ ಒಬ್ಬ ಕುರುಬ ಹೇಳಿದ, ಇಬ್ಬರು ಸೈಕಲ್ಲಿನವರು ಹತ್ತಿಯ ಹೊಲದಲ್ಲಿ ಹಾದು ಎಂದೋ ಮುಂದೆ ಹೋದರೆಂದು. ರಸ್ತೆಯಲ್ಲಿ ಬರದವರನ್ನು ರಸ್ತೆಯಲ್ಲಿ ಕಾಯ್ದ ನನ್ನಂಥ ಜಾಣ ಇನ್ನೊಬ್ಬನಿದ್ದಾನೆಯೆ?

ಆಮೇಲೆ ಸುದ್ದಿಯೇ ಇಲ್ಲ. ಮುಂಬೈಯಲ್ಲಿ ಹಡಗು ಹತ್ತಿದರು ಎಂದಷ್ಟೇ ತಿಳಿಯಿತು. ನೀರಿನ ಮೇಲೆ ಸೈಕಲ್ ಓಡಿದ್ದರೆ ಅದನ್ನೂ ಹತ್ತುತ್ತಿರಲಿಲ್ಲವೇನೋ! ಒಂದು ಬೇಸಿಗೆ ಹೋಯಿತು. ಪ್ಯಾಟೆಯ ಜನ ಮೊದಲು ನಕ್ಕರು, ಆಮೇಲೆ ಕನಿಕರಪಟ್ಟರು, ಆಮೇಲೆ ನಮ್ಮೆದುರು ಅವರ ಹೆಸರೆತ್ತುವುದನ್ನೇ ಬಿಟ್ಟರು. ಮೂರನೆಯದೇ ಹೆಚ್ಚು ಹೆದರಿಕೆ ಹುಟ್ಟಿಸುವಂಥದು. ಅಪ್ಪ ಅಂಗಡಿಯಲ್ಲಿ ಕುಳಿತಿರುವಾಗ ಸೈಕಲ್ಲಿನ ಗಂಟೆ ಕೇಳಿಸಿದರೆ ಎದ್ದು ನಿಲ್ಲುತ್ತಿದ್ದ. ಅಂಚೆಯವನೆಂದು ತಿಳಿದು ಮತ್ತೆ ಕೂರುತ್ತಿದ್ದ.

ಆಗ ನಮ್ಮೂರಿನ ಹಾಜಿ ಒಬ್ಬರು ಯಾತ್ರೆ ಮುಗಿಸಿ ಬಗದಾದಿನ ಮೇಲೆ ಹಾದು ಊರಿಗೆ ಬಂದರು. ನೇರ ನಮ್ಮ ಮನೆಗೇ ಬಂದು, ಎದೆಯ ಮೇಲೆ ಕೈಯಿಟ್ಟು ಹೇಳಿದರು:

“ಆಣಿ ಮಾಡಿ ಹೇಳ್ತೀನ್ರಿ, ಅಲ್ಲಿ ನದಿ ದಂಡಿಮ್ಯಾಲ ಒಬ್ಬಾಕಿ ಕಚ್ಚಿ ಹಾಕ್ಕೊಂಡು ಕುಂತು ರೊಟ್ಟಿ ಬಡಿಯಾಕತ್ತಿದ್ಲು. ಸುತ್ತ ಜನಾ ಜಾತ್ರಿ ಕೂಡಿದಂಗ ಕೂಡಿದ್ರು. ಬಾಜೂಕ ಎರಡು ಸೈಕಲ್ಲು. ಜನದಾಗ ನುಗ್ಗಿ ಮುಂದ ಹೋಗೂದ್ರಾಗ ನಮ್ಮ ಮೋಟರು ಬಿಡ್ತು.”

ಯಾರೂ ನಂಬಲು ಧೈರ್ಯ ಮಾಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದ ಅಜ್ಜಿ ಈ ಕಡೆ ಹೊರಳಿದಳು.

“ರೊಟ್ಟಿ ದಪ್ಪ ಇದ್ದವೋ, ತೆಳ್ಳಗ ಇದ್ದವೋ?”

“ತೆಳ್ಳಗ ಇದ್ದವು ಅಮ್ಮಾ, ಕಾಗದ ಇದ್ದಂಗ.”

“ನಮ್ಮಕಿನೇ ಅದಾಳ!” ಅಜ್ಜಿ ಎದ್ದು ಕುಳಿತು ಊಟ ಕೇಳಿದಳು.

ಮತ್ತೊಂದು ಬೇಸಿಗೆಯೂ ಕಳೆದು, ಮೊದಲ ಮಳೆ ಬಿದ್ದ ಮೇಲೆ ಅವರು ಬಂದರು. ಇಬ್ಬರೂ! ಸುಟ್ಟ ರೊಟ್ಟಿಯ ಬಣ್ಣದವರಾಗಿ, ಮೈಯಲ್ಲಿ ಎಲುಬಷ್ಟೇ ಉಳಿದವರಾಗಿ. ಹೋಗುವಾಗ ಇಸ್ತಂಬೂಲದ ತನಕ ತುಳಿದು, ಅಲ್ಲಿ ದೋಣಿಯಲ್ಲಿ ಆಚೆ ದಂಡೆಗೆ ದಾಟಿ, ಯುರೋಪಿನ ಮಣ್ಣು ಮೆಟ್ಟಿ, ಬರುವಾಗ ಇರಾನದ ಮರುಭೂಮಿ, ಬಲೂಚಿಸ್ತಾನದ ಗುಡ್ಡಗಳ ಮೇಲೆ ಹಾದು ಬಂದಿದ್ದರು. ಓಣಿಯೆಲ್ಲ ನಮ್ಮ ಅಂಗಳದಲ್ಲಿ ಕೂಡಿತು. ಅಪ್ಪ ಅಳುತ್ತ ನಗುತ್ತಿದ್ದ.

ಆಗ ಆದದ್ದು ಎಲ್ಲಕ್ಕಿಂತ ದೊಡ್ಡ ಆಘಾತ. ಅಂಗಳದ ಮಧ್ಯೆ, ಅಷ್ಟು ಜನರ ಮುಂದೆ, ಭಾವ ಅಕ್ಕನ ಮುಖದ ಹತ್ತಿರ ಬಾಗಿ ಕಿರಿಚಿದ:

“ನೀರು ಕುಡಿತೀಯೇನು?”

ನಾವೆಲ್ಲ ಕಲ್ಲಾದೆವು. ಜೋರಾಗಿ ಕೆಮ್ಮಿದವನೂ ಅಲ್ಲದ ಮನುಷ್ಯ ಹೆಂಡತಿಯ ಮೇಲೆ ಹೀಗೆ ಒದರುವುದೆ? ಸ್ವಲ್ಪ ಹೊತ್ತಿಗೆ ಮತ್ತೆ, “ನಿಮ್ಮಪ್ಪ ಊಟಕ್ಕ ಕರಿಯಾಕತ್ತಾನ!” ಹಂಚು ಹಾರುವಂಥ ದನಿ! ಜನ ಪಿಸುಗುಟ್ಟಿದರು. ಪರದೇಶದ ನೀರು ಅವನ ಗುಣ ಕೆಡಿಸಿತೆಂದರು. ಅಪ್ಪನ ಮುಖ ಕೆಂಪಾಯಿತು. ಎದ್ದು ಬಂದು ಭಾವನ ತೋಳು ಹಿಡಿದ.

“ನನ್ನ ಮಗಳ ಮ್ಯಾಲ ನನ್ನ ಮನ್ಯಾಗ ನಿಂತು ಒದರ್ತೀಯಾ?”

ಭಾವ ತಲೆ ತಗ್ಗಿಸಿ ನಿಂತ. ಉತ್ತರ ಅಕ್ಕನಿಂದ ಬಂತು. ಅಪ್ಪನ ಕೈಯನ್ನು ಮೆಲ್ಲಗೆ ಬಿಡಿಸಿ ಹೇಳಿದಳು:

“ಅವರಿಗೆ ಏನೂ ಅನಬ್ಯಾಡಪ್ಪಾ. ನನಗ ಕೇಳಂಗಿಲ್ಲ. ಎಡಗಿವಿಗೆ ಒದರಿದ್ರ ಒಂದೀಟು ಕೇಳಸ್ತದ.”

ಇರಾನದ ಮರಳಿನಲ್ಲಿ ಅವಳಿಗೆ ಜ್ವರ ಬಂದಿತ್ತು. ಊರಿಲ್ಲ, ನೆರಳಿಲ್ಲ, ಮೈಮೇಲೆ ಎಚ್ಚರವಿಲ್ಲ. ಭಾವ ಸೈಕಲ್ಲುಗಳ ಮೇಲೆ ತನ್ನ ಧೋತರ ಹೊದಿಸಿ ಅದರ ಕೆಳಗೆ ಅವಳನ್ನು ಮಲಗಿಸಿಕೊಂಡು ಕುಳಿತನಂತೆ. “ನನ್ನ ಬಿಟ್ಟು ಹೋಗ್ರಿ, ಹತ್ತಿರದ ಊರು ಮುಟ್ರಿ” ಎಂದಳಂತೆ ಅವಳು.

“ಅದಕ್ಕ ಇವರು ಏನಂದ್ರು ಗೊತ್ತದ? ‘ನೀ ಏಳಲಿಲ್ಲಂದ್ರ ನಾನೂ ಇಲ್ಲೇ ಇರ್ತೀನಿ. ಬಾವಿ ತೋಡಿ ಬಾಳಿ ಹಚ್ತೀನಿ’ ಅಂದ್ರು. ಆ ಉಸುಕಿನ್ಯಾಗ ಬಾಳಿ! ಜ್ವರದಾಗೂ ನನಗ ನಗಿ ತಡಿಲಿಲ್ಲ. ನಾ ಚಂದಾಗಿ ಕೇಳಿದ ಕಡೀ ಮಾತು ಅದೇ.”

ಅಜ್ಜಿ ಅಕ್ಕನ ಪಕ್ಕ ಬಂದು ಕುಳಿತು, ಅವಳ ಕಿವಿಗಳ ಮೇಲೆ ತನ್ನ ಎರಡೂ ಕೈ ಇಟ್ಟಳು.

ಎರಡು ದಿನ ಬಿಟ್ಟು ಅವರು ಕಮಲಾಪುರಕ್ಕೆ ಹೊರಟಾಗ ನಾನೂ ಜೊತೆಗೆ ಹೋದೆ. ಅಷ್ಟರಲ್ಲಿ ನಾನೊಂದು ಸೈಕಲ್ ಕೊಂಡಿದ್ದೆ. ಅವರಿಬ್ಬರೂ ಹೊಲದ ದಾರಿಯಲ್ಲಿ ಮುಂದೆ. ಅಕ್ಕನ ಎಡಕ್ಕೆ, ಹ್ಯಾಂಡಲಿಗೆ ಹ್ಯಾಂಡಲ್ ತಗಲುವಷ್ಟು ಹತ್ತಿರ, ಭಾವ. ನಾನು ಹಿಂದೆ. ಊರು ದಾಟಿದ್ದೇ ಭಾವ ಅವಳ ಕಡೆ ಬಾಗಿ ಕೂಗತೊಡಗಿದ.

“ನವಿಲು ಒದರಾಕತ್ತದ! ಹಳ್ಳದಾಚಿಕ!”

ಅಕ್ಕ ತಲೆಯಾಡಿಸಿದಳು.

“ಎತ್ತಿನ ಗೆಜ್ಜಿ! ಎರಡು ಬಂಡಿ ಇರಬೇಕು!”

“ಯಾವಾಕೋ ಹಾಡಾಕತ್ಯಾಳ! ಬಿತ್ತೂ ಹಾಡು!”

ಗುಬ್ಬಿ, ಗಾಳಿ, ಹಳ್ಳದ ನೀರು, ಕುರಿಯ ಮಂದೆ. ಒಂದನ್ನೂ ಬಿಡಲಿಲ್ಲ ಪುಣ್ಯಾತ್ಮ! ಜನ್ಮದಲ್ಲಿ ಆಡದೆ ಉಳಿಸಿಟ್ಟಿದ್ದ ಮಾತನ್ನೆಲ್ಲ ಆ ಒಂದು ಕಿವಿಗೆ ಸುರಿಯುತ್ತಿದ್ದ. ಅವನ ಗಂಟಲು ಒಡೆದಿತ್ತು.

ಕಮಲಾಪುರದ ಗುಡ್ಡದ ಹತ್ತಿರ ಒಂದು ಬಯಲು ಬಂತು. ಹಕ್ಕಿಯಿಲ್ಲ, ದನವಿಲ್ಲ, ಗಾಳಿಯೂ ನಿಂತಿತ್ತು. ಇಲ್ಲಾದರೂ ಅವನ ಗಂಟಲಿಗೆ ವಿಶ್ರಾಂತಿ ಸಿಕ್ಕಿತೆಂದು ನಾನು ಅಂದುಕೊಂಡೆ. ಭಾವ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಮತ್ತೆ ಅವಳ ಕಡೆ ಬಾಗಿ, ಬಯಲು ನಡುಗುವಂತೆ ಕೂಗಿದ:

“ಈಗ ಏನೂ ಕೇಳಸಾಕತ್ತಿಲ್ಲ! ಎಲ್ಲಾ ಸುಮ್ಮಕ ಅದ!”

ಅಕ್ಕ ಅವನ ಕಡೆ ತಿರುಗಿ ನಕ್ಕಳು.

“ಹೌದ್ರಿ,” ಎಂದಳು. “ಅದು ನನಗೂ ಕೇಳಸ್ತದ.”