ಕೂಲರ್‌ಗೆ ಕತ್ತರಿ

ಯಾವುದೇ ವಸ್ತುವಿನಿಂದ ಒಂದು ತುಂಡು ತೆಗೆದು ನೋಡಿ, ಅದೇ ಬೇಕಾಗಿತ್ತು ಅನ್ನುವವರು ಬಾಗಿಲಿಗೆ ಬಂದೇ ಬರುತ್ತಾರೆ. ಬೀದರಿನ ಸಣ್ಣ ಕೂಲರ್ ಕಾರ್ಖಾನೆಯಲ್ಲಿ ನನ್ನ ಕೆಲಸವೇ ತುಂಡು ತೆಗೆಯುವುದು. ಕೂಲರ್ ಕೂಲರಾಗಿಯೇ ಇರಬೇಕು, ಮಾಡುವ ಖರ್ಚು ಮಾತ್ರ ಇಳಿಯಬೇಕು. ಈ ಚಟ ಹೊರಗೂ ಬಿಡುವುದಿಲ್ಲ. ಬೀಗರ ಮನೆಯಲ್ಲಿ ಕುರ್ಚಿ ಬೋರಲು ಹಾಕಿ ಸ್ಕ್ರೂ ಎಣಿಸಿದ್ದಕ್ಕೆ ಹೆಂಡತಿ ಊರು ತಲುಪುವವರೆಗೂ ಬೈದಳು.

ಹೋದ ವರ್ಷ ಹೊರಗಿನ ಅಗ್ಗದ ಕೂಲರ್‌ಗಳು ಭಾಲ್ಕಿ ಪೇಟೆಗೂ ಬಂದವು. ಮಾಲಕರು ನನ್ನನ್ನು ಕರೆದರು. "ಖರ್ಚ ಇಳಸ್ರಿ. ಇಲ್ಲಂದ್ರ ಮುಂದಿನ ಬ್ಯಾಸಗಿಗಿ ಕೂಲರ್ ಬಂದ್. ನಿಮ್ಮ ಕೆಲಸಾನೂ ಬಂದ್ರಿ."

ಹೆದರಿಕೆಯಾಯಿತು. ಕತ್ತರಿ ಹಿಡಿದೆ.

ಬೋಲ್ಟ್

ಮೊದಲು ಬೋಲ್ಟ್ ತೆಗೆದೆ. ತಗಡಿನ ಅಂಚು ಮಡಿಚಿ ಒಂದಕ್ಕೊಂದು ಕಚ್ಚಿಸಿದೆ. ಒದ್ದರೂ ಬಿಚ್ಚುತ್ತಿರಲಿಲ್ಲ, ನಾನೇ ಒದ್ದು ನೋಡಿದ್ದೆ.

ಔರಾದಿನ ಅಂಗಡಿಯವನ ಫೋನು ಬಂತು. "ಸರ್, ಗಿರಾಕಿ ಬೋಲ್ಟ್ ಎಲ್ಲಿ ಅದ ಅಂತ ಕೇಳ್ತಾರ್ರಿ."

"ಇದಕ್ಕ ಬೋಲ್ಟ್ ಬೇಕಾಗಿಲ್ರಿ."

"ಅದು ನನಗ ಗೊತ್ತದರಿ. ಬೋಲ್ಟ್ ಇಲ್ಲದ ಮಾಲಿನ ಮ್ಯಾಲ ಭರೋಸಾ ಹ್ಯಾಂಗ ಇಡಬೇಕು ಅಂತಾರ್ರಿ."

ಕೊನೆಗೆ ಪ್ರತಿ ಕೂಲರ್‌ಗೂ ಒಂದು ಹಿಡಿ ಬೋಲ್ಟ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳಿಸಿದೆವು. ಅವನ್ನು ಎಲ್ಲಿ ಹಾಕಬೇಕೆಂದು ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.

ಸಪ್ಪಳ

ಆಮೇಲೆ ಕಬ್ಬಿಣದ ಫ್ಯಾನ್ ಹೋಗಿ ಹಗುರ ಪ್ಲಾಸ್ಟಿಕ್ ಫ್ಯಾನ್ ಬಂತು. ಖರ್ಚೂ ಇಳಿಯಿತು, ಸಪ್ಪಳವೂ ಅಡಗಿತು. ನಾನು ಎದೆಯುಬ್ಬಿಸಿ ತಿರುಗಾಡಿದೆ.

ಭಾಲ್ಕಿಯಿಂದ ನಿವೃತ್ತ ನರ್ಸಮ್ಮ ಒಬ್ಬರು ಕೂಲರ್ ಆಟೋದಲ್ಲಿ ಹೇರಿಸಿಕೊಂಡು, ಗಂಡನನ್ನೂ ಕರಕೊಂಡು ಬಂದರು. ಗಂಡ ನಿವೃತ್ತ ಮಾಸ್ತರು.

"ತಮ್ಮಾ, ಗಾಳಿ ಭಾಳ ಛಲೋ ಅದ. ಆದ್ರ ಹಳೇ ಫ್ಯಾನ್ ಹಾಕಿ ಕೊಡು."

"ಯಾಕ್ರಿ ಅಕ್ಕಾರ? ಇದು ಸಪ್ಪಳಾನೇ ಮಾಡಲ್ರಿ."

"ಅದೇ ತ್ರಾಸ ನೋಡು. ಹಳೇ ಕೂಲರ್ ಇದ್ದಾಗ ಮಾಸ್ತರ್ ಗೊರಕಿ ನನಗ ಕೇಳ್ತಿದ್ದಿಲ್ಲ."

ಮಾಸ್ತರು ತಣ್ಣಗೆ ಹೇಳಿದರು: "ಆಕಿದು ನನಗೂ ಕೇಳ್ತಿದ್ದಿಲ್ರಿ."

ಗುಜರಿಯ ರಾಶಿಯಿಂದ ಹಳೇ ಫ್ಯಾನ್ ಹುಡುಕಿ ಹಾಕಿಕೊಟ್ಟೆ. ಇಬ್ಬರೂ ಅದರ ಗದ್ದಲ ಕೇಳಿ ಸಂತೋಷದಿಂದ ಹೋದರು.

ಟಾಕಿ

ಕೊನೆಗೆ ನೀರಿನ ಟಾಕಿಯನ್ನು ಗಿಡ್ಡ ಮಾಡಿದೆ. ತಗಡು ಚೆನ್ನಾಗಿ ಉಳಿಯಿತು. ಬೇಸಿಗೆ ಮುಗಿದರೂ ಟಾಕಿಯ ಬಗ್ಗೆ ಒಂದು ದೂರೂ ಬರಲಿಲ್ಲ. ಆದರೂ ಮಾಲಕರು ಕೂಲರ್ ನಡೆಸುವ ಮಾತೂ ಆಡಲಿಲ್ಲ, ನಿಲ್ಲಿಸುವ ಮಾತೂ ಆಡಲಿಲ್ಲ. ನನ್ನ ಜೀವ ಅರ್ಧವಾಗಿತ್ತು.

ಗಡಗಡ ನಡುಗುವ ಚಳಿಯಲ್ಲಿ ಠಾಣಾ ಕುಶನೂರಿನ ರೈತರೊಬ್ಬರು ಬಸ್ಸಿಳಿದು ಬಂದರು. ಮೈತುಂಬ ಕಂಬಳಿ, ಬಾಯಲ್ಲಿ ಕೂಲರ್‌ನ ದೂರು.

"ಟಾಕಿ ಸಣ್ಣ ಆಗ್ಯಾದ್ರಿ ಸಾಹೇಬ್ರ."

"ನೀರ ಸಾಲವಲ್ದೇನ್ರಿ ಕಾಕಾ?"

"ನೀರಲ್ರಿ, ತೊಗರಿ! ಹಳೇ ಟಾಕ್ಯಾಗ ಒಂದು ಚೀಲ ಪೂರಾ ಹಿಡೀತಿತ್ತು."

ವಿಚಾರಿಸಿದರೆ ಅವರ ಓಣಿಯಲ್ಲೆಲ್ಲ ಅದೇ ಪದ್ಧತಿ. ಬೇಸಿಗೆ ಮುಗಿದೊಡನೆ ಕೂಲರ್ ಒರೆಸಿ ಕಾಳು ತುಂಬುತ್ತಾರೆ. ಕೂಲರ್‌ನ ಕಾಲು ಎತ್ತರ, ಇಲಿ ಹತ್ತುವುದಿಲ್ಲ. ನಾನು ಗಾಳಿ ಅಳೆದಿದ್ದೆ, ನೀರು ಅಳೆದಿದ್ದೆ, ತೊಗರಿ ಅಳೆಯುವುದು ಹೊಳೆದಿರಲಿಲ್ಲ.

"ಟಾಕಿ ದೊಡ್ಡದು ಮಾಡಿದ್ರ ಖರ್ಚ ಏರ್ತದ್ರಿ ಕಾಕಾ," ಅಂದೆ.

ಅವರು ಗಲ್ಲ ಕೆರೆದುಕೊಂಡರು. "ಹಂಗಿದ್ರ ಫ್ಯಾನ್ ತೆಗೀರಿ. ಪಂಪ್ ತೆಗೀರಿ. ಗಾಳಿ ಬರೋ ಜಾಳಿ ತೆಗದು ತಗಡ ಬಡೀರಿ. ಇಳೀತದಲ್ರಿ?"

ಇದನ್ನು ಹೇಳಿದಾಗ ಮಾಲಕರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಗು ನಿಂತ ಮೇಲೆ, "ಮಾಡ್ರಿ," ಅಂದರು. ಫ್ಯಾನ್ ಇಲ್ಲದ ಆ ಕಾಳಿನ ಪೆಟ್ಟಿಗೆ ಮೆಹಕರದವರೆಗೂ ಮಾರಾಟವಾಯಿತು. ಅದರ ಲಾಭದಲ್ಲಿ ಕೂಲರ್ ಉಳಿಯಿತು, ನಾನೂ ಉಳಿದೆ. ಅಂದು ಮನೆಗೆ ಜಿಲೇಬಿ ಒಯ್ದೆ.

ಈ ಬೇಸಿಗೆ ಅದೇ ಕಾಕಾ ಮತ್ತೆ ಬಂದರು. "ಕೂಲರ್ ಮಗಳ ಮನಿಗಿ ಕೊಟ್ಟೆರಿ. ಪೆಟಗಿ ಖಾಲಿ ಕುಂತದ."

"ಹೌದ್ರಿ?"

"ಅದಕ್ಕೊಂದು ಫ್ಯಾನ್ ಕೂಡಿಸಿ ಕೊಡ್ತೀರೇನ್ರಿ?"